ಜಕಾತಿ ಚೌಕಿಯ ದಿನಕರ್ಮ

ದಾಂಡೇಲಿಯ ಗಿರಣಿ ಚಾಳಿನಲ್ಲಿ, ಪರಸಪ್ಪನ ಮನೆಯೆದುರಿನ ಮತ್ತಿ ಮರಕ್ಕೆ ಒಂದು ಬೆಳಗ್ಗೆ ಬಿಳಿ ಬಟ್ಟೆ ಕಟ್ಟಿದ ಗಡಿಗೆಯೊಂದು ತೂಗುತ್ತಿತ್ತು. ಅಂಥ ಗಡಿಗೆ ಕಂಡರೆ ನಮ್ಮ ಕಡೆಯ ಜನ ಏನನ್ನೂ ಕೇಳುವುದಿಲ್ಲ. ಸುಟ್ಟ ಹೆಣದ ಎಲುಬನ್ನು ಹೊಳೆಗೆ ಬಿಡುವ ತನಕ ಮನೆಯೊಳಗೆ ಒಯ್ಯಬಾರದೆಂದು ಹಾಗೆ ಹೊರಗೆ ಕಟ್ಟುತ್ತಾರೆ. ಅಷ್ಟು ಎಲ್ಲರಿಗೂ ಗೊತ್ತು. ಆಚೀಚೆ ಮನೆಯವರು ಚಪ್ಪಲಿ ಕಳಚಿ ನಿಂತು, ಕೈಮುಗಿದು, ಸುಮ್ಮನೆ ಕೆಲಸಕ್ಕೆ ಹೋದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಯಾರೋ ಪುಣ್ಯವಂತರು ಒಂದು ಬೋಗುಣಿ ಅನ್ನ, ಒಂದು ತಂಬಿಗೆ ಸಾರು ತಂದು ಕಟ್ಟೆಯ ಮೇಲಿಟ್ಟು ಹೋದರು. ಪರಸಪ್ಪ, ಅವನ ಹೆಂಡತಿ ಸತ್ತೆವ್ವ, ಮಗಳು ಮಾಲವ್ವ ಮೂವರೂ ದೇವರ ದಯೆಯಿಂದ ಜೀವಂತವಾಗಿದ್ದು, ಆ ಅನ್ನವನ್ನು ಏನು ಮಾಡಬೇಕೆಂದು ತಿಳಿಯದೆ ನೋಡುತ್ತ ಕೂತಿದ್ದರು.

ಸತ್ತದ್ದು ಮನುಷ್ಯರಲ್ಲ. ಗಡಿಯಲ್ಲಿ ಸುಂಕ ಎತ್ತುವ, ಪೋರ್ತುಗೀಜರ ಒಂದು ಜಕಾತಿ ಚೌಕಿ.

ಅದು ಅರವತ್ತೊಂದನೆಯ ಇಸವಿಯ ಡಿಸೆಂಬರ. ನಮ್ಮ ಫೌಜು ಗೋವೆಯೊಳಗೆ ಇಳಿದು ಪೋರ್ತುಗೀಜರನ್ನು ಹೊರಡಿಸಿತು. ಲಢಾಯಿ ಶುರುವಾಯಿತಂತೆ ಎಂದು ಜನ ಚಹಾದಂಗಡಿಯ ರೇಡಿಯೊ ಮುಂದೆ ಕೂಡುವಷ್ಟರಲ್ಲಿ ಅದು ಮುಗಿದೂ ಹೋಗಿತ್ತು. ಕ್ಯಾಸಲ್‌ರಾಕಿನಾಚೆ, ಘಟ್ಟ ಇಳಿಯುವ ಹಳೆಯ ದಾರಿಯಲ್ಲಿದ್ದ ಈ ಚೌಕಿ ಮಾತ್ರ ಎರಡೂ ಕಡೆಯ ಗುಂಡಿನ ನಡುವೆ ಸಿಕ್ಕಿಬಿತ್ತು. ಒಳಗಿದ್ದ ಸಿಪಾಯಿಗಳು ಹಿಂದಿನ ದಿನವೇ ಉಣ್ಣುವ ತಾಟು ಸಮೇತ ಓಡಿಹೋಗಿದ್ದರು. ಹಾಗಾಗಿ ಅಲ್ಲಿ ಒಂದು ಕೋಳಿಯೂ ಸಾಯಲಿಲ್ಲ. ತಲೆಮಾರುಗಳಿಂದ ನಿಂತಿದ್ದ ಕಟ್ಟಡವೊಂದೇ, ಯಾರ ಮೇಲೂ ಸಿಟ್ಟಿಲ್ಲದ ಹಾಗೆ, ಸೋಮವಾರ ಮಧ್ಯಾಹ್ನದ ಹೊತ್ತಿಗೆ ಮಂಡಿಯೂರಿ ಕುಸಿಯಿತು.

ಮರುದಿನದಿಂದ ಶುರುವಾಯಿತು ನೋಡಿ ಜನರ ದಂಡು. ಜೋಯಿಡಾ, ಹಳಿಯಾಳ, ಲೋಂಡಾ, ಎಲ್ಲೆಲ್ಲಿಂದಲೋ ಲಾರಿ ತುಂಬಿ ಹೋದರು. ಬಿದ್ದ ಚೌಕಿಯ ಒಂದು ತುಣುಕಾದರೂ ಮನೆಯಲ್ಲಿರಬೇಕು ಎಂಬುದೊಂದು ಹುಚ್ಚು ಊರಿಗೆಲ್ಲ ಹತ್ತಿತು. ಒಬ್ಬ ಅರ್ಧ ಕಿಟಕಿ ತಂದು ಎಮ್ಮೆಯ ಕೊಟ್ಟಿಗೆಗೆ ಕೂಡಿಸಿದ. ಎಮ್ಮೆ ಅಂದಿನಿಂದ ಹೊರಗೆ ನೋಡುತ್ತ ಮೇವು ಮರೆಯಿತು. ಇನ್ನೊಬ್ಬ ಮೆಟ್ಟಿಲಿನ ಮೂರು ಕಲ್ಲು ಹೊತ್ತು ತಂದು ಅಂಗಳದಲ್ಲಿ ಜೋಡಿಸಿ, ಸಂಜೆಯಾದರೆ ಅದನ್ನು ಹತ್ತಿ, ಹತ್ತಿದ ಮೇಲೆ ಹೋಗಲು ಏನೂ ಇಲ್ಲದ್ದರಿಂದ ಇಳಿದು ಬರುತ್ತಿದ್ದ.

ಪರಸಪ್ಪನಿಗೆ ಈ ಹುಚ್ಚಿರಲಿಲ್ಲ. ಧಾರವಾಡದ ಕಡೆಯಿಂದ ಬಂದು ಕಾಗದದ ಗಿರಣಿಯ ಬಿದಿರಿನ ಅಂಗಳದಲ್ಲಿ ದುಡಿಯುತ್ತಿದ್ದ ಸಾಧು ಮನುಷ್ಯ. ಮುಂಜಾನೆ ಗಿರಣಿಯ ಭೋಂಗಾ ಕೂಗುವ ಮೊದಲು ಕಾಳಿ ಹೊಳೆಯಲ್ಲಿ ಮುಳುಗಿ ಎದ್ದು, ಹಣೆಗೆ ವಿಭೂತಿ ಹಚ್ಚಿ, ಶಿವನ ಹೆಸರು ಹೇಳಿಯೇ ಬಿದಿರು ಮುಟ್ಟುವವನು. ಆದರೆ ಹಳಿಯಾಳದ ಚನಬಸಪ್ಪ ಮಾಸ್ತರರು ಹೇಳಿಕಳಿಸಿದರೆ ಅವನು ಇಲ್ಲವೆನ್ನುವಂತಿರಲಿಲ್ಲ. ಮಾಲವ್ವನಿಗೆ ಹಳಿಯಾಳದ ಈರಕ್ಕನ ಮಗ ಸೋಮಪ್ಪನ ಸಂಬಂಧ ಕೂಡಿಸಿದವರೇ ಆ ಮಾಸ್ತರರು. ನೌಕರಿ ಮುಗಿದ ಮೇಲೆ ಅವರು ತಮ್ಮ ಪಡಸಾಲೆಯಲ್ಲಿ ಒಂದು ವಸ್ತು ಸಂಗ್ರಹಾಲಯ ತೆರೆದಿದ್ದರು. ಅದರಲ್ಲಿ ಅಲ್ಲಿಯ ತನಕ ಕೂಡಿದ್ದುದು ಒಂದು ಮುರುಕು ಖಡ್ಗ ಮತ್ತು ಯಾವ ಪ್ರಾಣಿಯದೆಂದು ಗೊತ್ತಾಗದ ಒಂದು ಹಲ್ಲು.

"ಪರಸಪ್ಪಾ, ನನ್ನ ಮೊಣಕಾಲು ಘಟ್ಟ ಇಳಿಯೂದಿಲ್ಲ. ನೀ ಹೋಗು. ಎಲ್ಲಾರೂ ಕಲ್ಲು ಮಣ್ಣು ಹೊತಗೊಂಡ ಹೊಂಟಾರ. ನೀ ಸಣ್ಣಸಣ್ಣವು, ಚಂದಚಂದವು ಆರಿಸಿಕೊಂಡ ಬಾ," ಎಂದಿದ್ದರು ಮಾಸ್ತರರು.

ಬುಧವಾರ ರಜೆ ಸಿಕ್ಕಿತು. ಗೆಳೆಯ ಮನ್ಸೂರನ ಲಾರಿಯಲ್ಲಿ ಪರಸಪ್ಪ ಹೋದ. ಮನ್ಸೂರ ಡ್ರೈವರನೂ ಹೌದು, ಮೆಕ್ಯಾನಿಕನೂ ಹೌದು. ಗಡಿ ಮುಚ್ಚುವ ಮೊದಲು ಆ ಚೌಕಿಯಲ್ಲಿ ಎಷ್ಟೋ ಸಲ ಲಾರಿ ನಿಲ್ಲಿಸಿ ಬೆಳಗು ಮಾಡಿದವನು. ಹೋಗಿ ನೋಡಿದರೆ ಬಿದ್ದ ತೊಲೆಗಳು ಇನ್ನೂ ಹೊಗೆಯಾಡುತ್ತಿದ್ದವು, ಬೂದಿ ಬೆಚ್ಚಗಿತ್ತು. ಪರಸಪ್ಪ ಅದರ ಮುಂದೆ ಬಹಳ ಹೊತ್ತು ನಿಂತ. ಎಷ್ಟು ದೀಪ ಉರಿದಿದ್ದಾವೋ ಈ ಮನೆಯಲ್ಲಿ, ಎಷ್ಟು ಮಂದಿ ಮಳೆಗೆ ಇದರ ಕೆಳಗೆ ನಿಂತಿದ್ದಾರೋ ಎಂದು ಅವನ ಮನಸ್ಸು ತುಂಬಿ ಬಂತು. ಆಮೇಲೆ ಆರಿಸಲು ಬಾಗಿದ.

ಬೂದಿಯಲ್ಲಿ ಕೈ ಹಾಕುವ ರೀತಿ ಅವನಿಗೆ ಒಂದೇ ಗೊತ್ತಿತ್ತು, ಅದನ್ನು ಅವನ ಅಪ್ಪ ಅಜ್ಜನ ಬೂದಿಯ ಮುಂದೆ ಕಲಿಸಿದ್ದ. ಮೊದಲು ನೀರು, ಮೇಲೆ ಹಾಲು ಚಿಮುಕಿಸಬೇಕು. ಕಾಲಿನ ಕಡೆಯಿಂದ ಆರಿಸುತ್ತ ತಲೆಯ ಕಡೆಗೆ ಹೋಗಬೇಕು. ಪರಸಪ್ಪ ಲಾರಿಯಲ್ಲಿದ್ದ ಹಾಲಿನ ಬಾಟಲಿ ತಂದು ಚಿಮುಕಿಸತೊಡಗಿದ.

"ಅರೆ ಪರಸಣ್ಣಾ! ಅದು ಚಾದ ಹಾಲಪಾ!" ಎಂದು ಮನ್ಸೂರ ಕೂಗಿದ.

"ಬರಿಗೈಲೆ ಹೆಂಗ ಮುಟ್ಟಲೋ? ಪಾಪ, ಇನ್ನೂ ಬಿಸಿ ಐತಿ."

"ಹಂಗಾರ ನಾ ಏನು ಬೂದಿ ಚಾ ಕುಡೀಲೇನು?"

ಪರಸಪ್ಪ ಹೊಸ್ತಿಲಿನಿಂದ ಹೊರಟ. ಹೊಸ್ತಿಲ ಕಲ್ಲಿನ ಒಂದು ಚಕ್ಕೆ, ಬಾಗಿಲ ಬಳೆ, ಕೈಯಿಲ್ಲದ ಒಂದು ಕೀಲಿ, ಗೋಡೆಗೆ ಅಂಟಿಸಿದ್ದ ನೀಲಿ ಚಿತ್ತಾರದ ಬಿಲ್ಲೆಗಳು, ಗಚ್ಚಿನ ದೇವದೂತನ ಒಂದು ಬೆರಳು, ಕಟ್ಟಕಡೆಗೆ ತಲೆಯೆಂದು ಮಾಡಿನ ಅರ್ಧ ಹಂಚು. ಎಲ್ಲವನ್ನೂ ನೀರಿಗೆಂದು ತಂದಿದ್ದ ಹೊಸ ಗಡಿಗೆಯಲ್ಲಿ ಇಟ್ಟು, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ. ಮನೆಗೆ ಬಂದವನು ಅದನ್ನು ಒಳಗೆ ಒಯ್ಯಲು ಕಾಲೇಳದೆ ಮರಕ್ಕೆ ಕಟ್ಟಿದ. ಭಾನುವಾರ ಮಾಸ್ತರರಿಗೆ ಮುಟ್ಟಿಸಿದರಾಯಿತು ಎಂದು ಅವನ ಲೆಕ್ಕ.

ಭಾನುವಾರಕ್ಕಿಂತ ಮೊದಲು ಈರಕ್ಕ ಬಂದಳು.

ಈರಕ್ಕ ಎಂದರೆ ಮಾಲವ್ವನ ಅತ್ತೆಯಾಗಬೇಕಾದವಳು. ಮಡಿ, ಮೈಲಿಗೆ, ಶಕುನ, ಸೂತಕಗಳ ವಿಷಯದಲ್ಲಿ ಪೂಜೆ ಮಾಡಿಸುವ ಹಳಿಯಾಳದ ಐನಾರೇ ಅವಳ ಬಾಗಿಲಿಗೆ ಕೇಳಲು ಬರುತ್ತಿದ್ದರೆಂದು ಪ್ರತೀತಿ. ಮದುವೆಗೆ ಅರಿಷಿಣ ಕುಟ್ಟುವ ದಿನ ಗೊತ್ತುಮಾಡಲು ಬಸ್ಸಿಳಿದು ಬಂದವಳು ಮತ್ತಿ ಮರದ ಕೆಳಗೇ ನಿಂತುಬಿಟ್ಟಳು. ಮುಖ ಬಿಳುಪೇರಿತು. ಅದನ್ನು ಸತ್ತೆವ್ವ ಕಂಡಳು, ಸಿಟ್ಟಿಗೆ ಹಾಗಾಯಿತೆಂದುಕೊಂಡಳು.

"ಯಾರು ಹೋದ್ರು?"

ಪರಸಪ್ಪ ಸುಳ್ಳು ಹೇಳದವನು. "ಯಾರೂ ಇಲ್ರಿ ಅಕ್ಕಾರ. ಚೌಕಿ ಅದು, ಘಟ್ಟದ್ದು."

ಈರಕ್ಕ ಬಟ್ಟೆ ಸರಿಸಿ ಇಣುಕಿದಳು. "ಶಿವ ಶಿವಾ! ಬೆರಳ ಐತಲ್ಲೋ!"

"ಗಚ್ಚಿಂದ್ರಿ. ಬೊಂಬಿ ಬೆರಳು."

"ಎಂದ ಬಿತ್ತು ಆ ಚೌಕಿ?"

"ಸೋಮಾರರಿ."

"ನೀ ಆರಿಸಿದ್ದು?"

"ಬುಧವಾರ."

ಈರಕ್ಕ ಬೆರಳು ಮಡಚಿದಳು. "ಸೋಮಾರ, ಮಂಗಳಾರ, ಬುಧವಾರ. ಬರೋಬ್ಬರಿ ಮೂರನೇ ದಿನ. ಹಾಲು ಚಿಮುಕಿಸಿದಿ?"

"ಚಿಮುಕಿಸೇನ್ರಿ."

"ಕಾಲ ಕಡೆಯಿಂದ ಆರಿಸಿದಿ?"

"ಹೌದ್ರಿ. ಹೊಸ್ತಲದಿಂದ."

"ಹೊಸಾ ಗಡಿಗಿ, ಬಿಳೀ ಬಟ್ಟಿ, ಹೊರಗ ಕಟ್ಟೀದಿ. ಇನ್ನ ಉಳದದ್ದೇನು? ಎಲುಬು ಆರಿಸಿದವನೇ ಮಗ ಆಗತಾನ ಪರಸಪ್ಪಾ. ಚೌಕಿಗೆ ನೀನ ಹಿರೇಮಗ. ಈ ಮನೀಗೆ ಸೂತಕ ಬಂದೈತಿ."

"ಅಲ್ರಿ ಅಕ್ಕಾರ," ಎಂದು ಸತ್ತೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, "ನಮ್ಮ ಮಾವ ಸತ್ತು ಇಪ್ಪತ್ತು ವರ್ಷಾತು. ಈಗ ಮತ್ತೊಬ್ಬ ಮಾವನ್ನ ಎಲ್ಲಿಂದ ತಂದ್ರಿ ನನಗ? ಅದೂ ಕಲ್ಲಿನ ಮಾವ, ಪರದೇಶದಾಂವ!"

"ನಾ ತಂದಿಲ್ಲವಾ. ನಿನ್ನ ಗಂಡ ತಂದಾನ, ಗಡಿಗ್ಯಾಗ."

ಈರಕ್ಕ ಮನೆಯೊಳಗೆ ಕಾಲಿಡಲಿಲ್ಲ, ನೀರು ಮುಟ್ಟಲಿಲ್ಲ. ನಿಂತ ನಿಲುವಿನಲ್ಲೇ ತೀರ್ಪು ಕೊಟ್ಟಳು. "ಸೂತಕದ ಮನೀ ಹೆಣ್ಣು ನಾ ತರೂದಿಲ್ಲ. ಹನ್ನೊಂದನೇ ದಿನ ಹೊಳಿ ದಂಡಿಗೆ ಎಡೀ ಇಡ್ರಿ. ಕಾಗಿ ಮುಟ್ಟಬೇಕು. ನಾನೂ ಬಂದ ಕೂಡ್ತೇನಿ, ಕಣ್ಣಾರೆ ನೋಡ್ತೇನಿ. ಕಾಗಿ ಮುಟ್ಟಿತಂದ್ರ ಮದಿವಿ. ಇಲ್ಲಂದ್ರ ಕಲಘಟಗಿ ಕಡೆ ನಮ್ಮ ಸೋಮಪ್ಪಗ ಇನ್ನೊಂದು ಹೆಣ್ಣು ನೋಡೇವಿ."

"ಪುಷ್ಯಮಾಸದಾಗ ಮದಿವಿ ಇಟ್ಟೀರಿ, ಅದಕ್ಕಿಲ್ಲದ ಮೈಲಿಗಿ ಇದಕ್ಕ ಬಂತೇನ್ರಿ?" ಎಂದಳು ಸತ್ತೆವ್ವ.

"ಫೆಬ್ರುವರಿಯೊಳಗ ಎಂಟು ಗ್ರಹ ಒಂದೇ ಮನ್ಯಾಗ ಕೂಡ್ತಾವು. ಲೋಕ ಉಳೀತೈತೋ ಇಲ್ಲೋ. ಲೋಕ ಮುಳುಗೂಕಿಂತ ಪುಷ್ಯಮಾಸ ಚಲೋ. ಆದರ ಸೂತಕ ಸೂತಕನs," ಎಂದು ಈರಕ್ಕ ಬಂದ ಬಸ್ಸಿಗೇ ತಿರುಗಿ ಹೋದಳು.

ಮಾಲವ್ವ ಸೋಮಪ್ಪನನ್ನು ನೋಡಿದ್ದು ಒಂದೇ ಸಲ. ಆ ಒಂದು ಸಲ ಅವನು ಚಹಾದ ಬಸಿಯನ್ನು ತಲೆಕೆಳಗು ಹಿಡಿದಿದ್ದ. ಅಂದಿನಿಂದ ಅವಳು ಒಬ್ಬಳೇ ಇದ್ದಾಗ ನಗುತ್ತಿದ್ದಳು. ಆ ಸಂಜೆ ಅಪ್ಪನ ಬದಿಗೆ ಬಂದು ಕೂತು, "ಅಪ್ಪಾ, ಕಾಗಿ ಬರತೈತಿಲ್ಲೋ?" ಎಂದಷ್ಟೇ ಕೇಳಿದಳು. ಪರಸಪ್ಪ ಗಡಿಗೆಯ ಕಡೆ ನೋಡಿದ. ಮಗಳ ಬಾಳು ಅದರೊಳಗೆ ಬೆರಳು, ಬಿಲ್ಲೆಗಳ ಜೊತೆ ತೂಗುತ್ತಿದ್ದಂತೆ ಅವನಿಗೆ ಕಂಡಿತು.

ಸತ್ತವರಿಗೆ ಇಷ್ಟವಾದದ್ದನ್ನು ಎಡೆಯಲ್ಲಿ ಇಡಬೇಕು. ಸರಿ, ಚೌಕಿಗೆ ಏನು ಇಷ್ಟ? ಪರಸಪ್ಪ ಮನ್ಸೂರನ ಗ್ಯಾರೇಜಿಗೆ ಹೋಗಿ ಕೇಳಿದ.

"ಚೌಕಿ ಏನ ತಿಂತಿತ್ತು ಅಂತ ಕೇಳ್ತೀಯೇನು?" ಎಂದು ಮನ್ಸೂರ ಲಾರಿಯ ಕೆಳಗಿನಿಂದಲೇ ಹೇಳಿದ. "ಲಂಚ ತಿಂತಿತ್ತು."

"ತಮಾಷಿ ಬ್ಯಾಡೋ. ನಮ್ಮ ಮಾಲವ್ವನ ಪ್ರಶ್ನಿ."

ಮನ್ಸೂರ ಹೊರಗೆ ಬಂದ, ಕೈ ಒರೆಸಿಕೊಂಡ. ಮಾಲವ್ವ ಎಂದ ಮೇಲೆ ಅವನಿಗೂ ನಗು ಬರಲಿಲ್ಲ. "ಪಾವ್ ತಿಂತಿದ್ರು ಪರಸಣ್ಣ. ಒಣಮೀನ. ಸಂಜೀಕ ಫೆನಿ. ಮೀನ ನಮ್ಮ ಅಮ್ಮಾ ಮಾಡಿ ಕೊಡ್ತಾಳ ತಗೋ."

ಮನ್ಸೂರನ ತಾಯಿ ಖತೀಜಾಬಿ ಒಣಮೀನು ಹುರಿದಳು. ಸತ್ತವರು ಯಾರೆಂದು ಕೇಳಿ, ತಿಳಿದು, "ಬೇಚಾರಾ, ಮನಿ ಬಿಟ್ಟು ದೂರ ಬಂದಾಂವ," ಎಂದು ಎರಡು ತುಂಡು ಹೆಚ್ಚೇ ಇಟ್ಟಳು. ಪಾವ್ ಲೋಂಡಾದಿಂದ ಬಂತು. ಫೆನಿಯದೇ ಚಿಂತೆ, ಅದು ದಾರೂಬಂದಿಯ ಕಾಲ, ಸೆರೆ ಮಾರುವಂತಿರಲಿಲ್ಲ. ಆದರೆ ಚೌಕಿಯ ಎಡೆಗೆ ಬೇಕೆಂದು ಸತ್ತೆವ್ವ ಚಾಳಿನಲ್ಲಿ ಬಾಯಿ ಬಿಡುವುದರೊಳಗೆ ನಾಲ್ಕು ಮನೆಯಿಂದ ನಾಲ್ಕು ಬಾಟಲಿ ಬಂದವು. ನಾಲ್ವರೂ "ಕೆಮ್ಮಿಗಂತ ಇಟ್ಟಿದ್ದೆ" ಎಂದರು. ಇಷ್ಟೆಲ್ಲ ಪರದೇಶಿ ಅಡುಗೆಯ ನಡುವೆ ತನ್ನದೊಂದಿರಲಿ ಎಂದು ಸತ್ತೆವ್ವ ಹೋಳಿಗೆ ಮಾಡಿದಳು. ಮಾವ ಯಾವ ದೇಶದವನಾದರೂ ಹೋಳಿಗೆ ಬೇಡವೆನ್ನಲಾರ ಎಂಬುದು ಅವಳ ನಂಬಿಕೆ.

ಹನ್ನೊಂದನೆಯ ದಿನ ಬಿಸಿಲೇರುವ ಹೊತ್ತಿಗೆ ಎಲ್ಲರೂ ಕಾಳಿ ದಂಡೆಯಲ್ಲಿ ಕೂಡಿದರು. ಕಾಡಿನಿಂದ ಗಿರಣಿಗೆ ಬಿದಿರಿನ ಗಾಡಿಗಳು ಬರುವ ದಾರಿ ಅಲ್ಲೇ ಹೊಳೆಯ ಬದಿಗೆ ಹಾಯುತ್ತಿತ್ತು. ಹಳಿಯಾಳದಿಂದ ಈರಕ್ಕ, ಅವಳ ಗಂಡ ದುರ್ಗಪ್ಪ, ಚನಬಸಪ್ಪ ಮಾಸ್ತರರು ಬಂದರು. ದುರ್ಗಪ್ಪ ನೆರಳು ನೋಡಿ ಕೂತ. ಮಾಸ್ತರರು ಗಡಿಗೆಯ ಬದಿಗೇ ಕೂತು, ಅದನ್ನು ಹೊಳೆಗೆ ಬಿಡುವುದನ್ನು ಹೇಗೆ ತಪ್ಪಿಸಲಿ ಎಂದು ಯೋಚಿಸುತ್ತ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು. ಪರಸಪ್ಪ ಮಿಂದು, ಒದ್ದೆ ಪಂಜೆಯಲ್ಲಿ ಎಲೆ ಹಾಸಿ ಎಡೆ ಬಡಿಸಿದ. ಪಾವ್, ಮೀನು, ಹೋಳಿಗೆ, ಪಕ್ಕದಲ್ಲಿ ಫೆನಿಯ ಬಟ್ಟಲು. ಎಲ್ಲರೂ ಹಿಂದೆ ಸರಿದು ನಿಂತರು.

ದಾಂಡೇಲಿಯ ಕಾಗೆಗಳು ಮಕ್ಕಳ ಕೈಯೊಳಗಿನ ರೊಟ್ಟಿಯನ್ನೂ ಬಿಡುವುದಿಲ್ಲ. ಆದರೆ ಅಂದು ಒಂದೇ ಒಂದು ಕಾಗೆ ಬಂದು, ಅತ್ತಿಯ ಮರದ ತುದಿಗೊಂಬೆಯ ಮೇಲೆ ಕೂತು, ಸಾಹೇಬನ ಹಾಗೆ ಕೆಳಗೆ ನೋಡಿ ಸುಮ್ಮನಾಯಿತು.

"ಆಶಾ ಏನೋ ಉಳದೈತಿ. ಮಾತು ಕೊಡ್ರಿ, ಮಾತು ಕೊಡ್ರಿ," ಎಂದಳು ಈರಕ್ಕ.

ಪರಸಪ್ಪ ಕೈಮುಗಿದ. "ಅಪ್ಪಾ ಚೌಕಿ, ನಿನ್ನ ಹೆಸರಿಗೆ ಕುಂದು ತರೂದಿಲ್ಲ. ವರ್ಷಾ ವರ್ಷಾ ಎಡಿ ಇಡ್ತೇನಿ."

ಕಾಗೆ ಕದಲಲಿಲ್ಲ.

ಮಾಸ್ತರರು ಗಂಟಲು ಸರಿಮಾಡಿಕೊಂಡರು. "ತಮ್ಮ ಸಂಪೂರ್ಣ ಇತಿಹಾಸವನ್ನು ನಾನು ಬರೆದು ಅಚ್ಚು ಹಾಕಿಸುತ್ತೇನೆ."

ಕಾಗೆ ತಿರುಗಿ ಬೆನ್ನು ಹಾಕಿ ಕೂತಿತು.

"ಅದಕ್ಕ ಕನ್ನಡ ತಿಳೀವಲ್ತು," ಎಂದು ಮನ್ಸೂರ ಮುಂದೆ ಬಂದು ಕೊಂಕಣಿಯಲ್ಲಿ, "ತುಕಾ ಕಿತೆಂ ಜಾಯ್ ರೇ ಬಾಬಾ?" ಎಂದು ಕೇಳಿದ. ನಿನಗೇನು ಬೇಕಪ್ಪಾ ಎಂದು ಅದರರ್ಥ. ಕಾಗೆ ಒಂದು ಸಲ ಕಾ ಎಂದಿತು. ಉತ್ತರ ಏನೆಂದು ಎಲ್ಲರೂ ಮನ್ಸೂರನ ಮುಖ ನೋಡಿದರು. "ಈ ಪರಿ ಕೊಂಕಣಿ ನನಗೂ ಬರೂದಿಲ್ಲ," ಎಂದು ಅವನು ಹಿಂದೆ ಸರಿದ.

ಹೊತ್ತು ಏರಿತು. ಹೋಳಿಗೆಯ ಮೇಲೆ ಇರುವೆ ಹತ್ತಿದವು. ಸತ್ತೆವ್ವ ಕಾಗೆಗೆ ಬೈಯಲು ಶುರುಮಾಡಿ, ಮಾವನ ನೆನಪಾಗಿ ತಲೆಯ ಮೇಲೆ ಸೆರಗೆಳೆದುಕೊಂಡಳು. ಮಾಲವ್ವ ಮರದ ತುದಿಯನ್ನೇ ನೋಡುತ್ತ ನಿಂತಿದ್ದಳು, ಕಣ್ಣು ಮಿಟುಕಿಸಿದರೆ ಎಲ್ಲಿ ಹಾರಿಹೋಗುತ್ತದೋ ಎಂಬಂತೆ. ಪರಸಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಅವನು ಕಣ್ಣು ಮುಚ್ಚಿದ.

ಕಣ್ಣು ಮುಚ್ಚಿದರೆ ಅವನಿಗೆ ದೇವರು ಕಾಣುವುದು ರೂಢಿ. ಅಂದು ಚೌಕಿ ಕಂಡಿತು. ಪಾಪ, ಬಡ ಚೌಕಿ. ಅದಕ್ಕೆ ಹೊಟ್ಟೆಯಿಲ್ಲ, ಮೀನು ಏಕೆ ಬೇಕು? ಹುಟ್ಟಿದ ದಿನದಿಂದ ಅದು ಮಾಡಿದ್ದು ಒಂದೇ ಕೆಲಸ. ಹೋಗುವವರನ್ನು, ಬರುವವರನ್ನು ನಿಲ್ಲಿಸುವುದು, ಗಂಟು ಬಿಚ್ಚಿಸುವುದು, ನೋಡುವುದು, ಬಿಡುವುದು. ಕಡೆಯ ದಿನ ಏನಾಯಿತು? ಅಷ್ಟು ದೊಡ್ಡ ಫೌಜು, ಅಷ್ಟು ಗಾಡಿ, ಅಷ್ಟು ಸಾಮಾನು ಅದರ ಎದುರಿನಿಂದಲೇ ಹಾದುಹೋಯಿತು. ಒಬ್ಬನಾದರೂ ನಿಂತು ಚೀಲ ತೋರಿಸಲಿಲ್ಲ. ಸಾಯುವ ಹೊತ್ತಿನಲ್ಲಿ ಎಷ್ಟು ಸಂಕಟಪಟ್ಟಿತೋ ಅದರ ಜೀವ!

ಪರಸಪ್ಪ ಕಣ್ಣು ತೆರೆದ. ಅಲ್ಲೇ ಬರುತ್ತಿದ್ದ ಗಾಡಿಯಿಂದ ಉದ್ದನೆಯ ಒಂದು ಬಿದಿರು ಎಳೆದುಕೊಂಡ. ಒಂದು ತುದಿಯನ್ನು ಮರದ ಕವಲಿಗೆ ಕೊಟ್ಟು, ಇನ್ನೊಂದನ್ನು ಮನ್ಸೂರನ ಕೈಗೆ ಕೊಟ್ಟು ದಾರಿಗೆ ಅಡ್ಡ ಹಿಡಿಸಿದ. ಗಡಿಗೆಯನ್ನು ಅದರ ಪಕ್ಕಕ್ಕೆ ತಂದಿಟ್ಟ. ಚೌಕಿಯ ಹಿರೇಮಗನೆಂದ ಮೇಲೆ ಅಪ್ಪನ ಕೆಲಸ ಮಗನಿಗೆ ಬಂದದ್ದೇ ಅಲ್ಲವೆ?

"ನಿಲ್ರಿ!" ಎಂದ, ತನ್ನ ಆಯುಷ್ಯದಲ್ಲಿ ಯಾರಿಗೂ ಆಡದ ದನಿಯಲ್ಲಿ. "ಗಂಟು ಬಿಚ್ಚದ ಯಾರೂ ದಾಟಬಾರದು!"

ಮೊದಲು ತಾನೇ ಬಿಚ್ಚಿ ತೋರಿಸಿದ. ವಿಭೂತಿಯ ಉಂಡೆ, ತಂಬಾಕು, ಸುಣ್ಣದ ಡಬ್ಬಿ. ಕಾಗೆ ಇತ್ತ ತಿರುಗಿತು. ಆಮೇಲೆ ಸತ್ತೆವ್ವ ಸೊಂಟದ ಚೀಲ ಝಾಡಿಸಿದಳು. ಅಡಕೆ, ಒಂದು ಸೂಜಿ, ಗಂಡನಿಗೆ ಕಾಣದ ಹಾಗೆ ಇಟ್ಟಿದ್ದ ಪೆಪ್ಪರಮಿಂಟು. ಕಾಗೆ ಒಂದು ಕೊಂಬೆ ಕೆಳಗಿಳಿಯಿತು. ಮಾಸ್ತರರು ಜೇಬಿನಿಂದ ನಶ್ಯದ ಡಬ್ಬಿ ತೆಗೆದರು.

"ಇನ್ನೊಂದ ಜೇಬು ಮಾಸ್ತರ," ಎಂದ ಪರಸಪ್ಪ, ಅಧಿಕಾರದಿಂದ.

ಇನ್ನೊಂದು ಜೇಬಿನಲ್ಲಿ ನೀಲಿ ಬಿಲ್ಲೆಯಿತ್ತು. "ಹೊಳಿ ಪಾಲಾಗೂದಲ್ಲಾ ಅಂತ ಒಂದs ಒಂದು..." ಎಂದು ಮಾಸ್ತರರು ನಾಚಿ ಅದನ್ನು ಗಡಿಗೆಗೆ ಹಾಕಿದರು. ಕಾಗೆ ಮತ್ತೊಂದು ಕೊಂಬೆ ಇಳಿಯಿತು.

ಅಷ್ಟರಲ್ಲಿ ಕುಳಗಿಗೆ ಹೊರಟಿದ್ದ ಫಾರೆಸ್ಟ್ ಗಾರ್ಡನೊಬ್ಬ ಸೈಕಲ್ ಮೇಲೆ ಬಂದವನು ಬಿದಿರು ಕಂಡದ್ದೇ ಇಳಿದ. ಯಾರೂ ಕೇಳದೆ ಚೀಲ ಬಿಚ್ಚಿ ಅರ್ಧ ತಿಂದ ರೊಟ್ಟಿ ತೋರಿಸಿ, "ಸಿಕ್ಕಾ ಎಲ್ಲಿ ಹೊಡೀತೀರಿ?" ಎಂದು ಕೇಳಿದ. ಮನ್ಸೂರ ಅವನ ಕೈಗೆ ಗ್ರೀಸಿನ ಹೆಬ್ಬೆಟ್ಟು ಒತ್ತಿದ. ಗಾರ್ಡ ಸಮಾಧಾನದಿಂದ ಹೋದ. ಹಿಂದೆ ಗಾಡಿಗಳು ನಿಂತವು. ಯಾವ ಚೌಕಿ, ಯಾವಾಗಿಂದ, ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಗಾಡಿಯವರು ತಾವಾಗಿಯೇ ಸಾಲು ಹಚ್ಚಿ, ಬುತ್ತಿಗಂಟು ಬಿಚ್ಚಿ ಕೈಯಲ್ಲಿ ಹಿಡಿದು ನಿಂತರು. ಒಂದೊಂದು ಗಂಟಿಗೆ ಒಂದೊಂದು ಕೊಂಬೆ ಇಳಿಯುತ್ತ ಕಾಗೆ ಎಲೆಯ ಮೇಲಿನ ಕಡೆಯ ಕೊಂಬೆಗೆ ಬಂದು ಕೂತಿತು. ಅಲ್ಲಿಂದ ಕೆಳಗಿಳಿಯಲಿಲ್ಲ. ಕತ್ತು ಕೊಂಕಿಸಿ ಈರಕ್ಕನ ಕಡೆ ನೋಡಿತು.

ಈರಕ್ಕನ ಕಂಕುಳಲ್ಲಿ ಒಂದು ಗಂಟಿತ್ತು.

"ನಂದು ನಾ ಬಿಚ್ಚೂದಿಲ್ಲ," ಎಂದಳು ಅವಳು. "ನಾ ಬೀಗತಿ."

"ಚೌಕಿಗೆ ಬೀಗತಿ ಯಾರು, ಬಿಟ್ಟವರು ಯಾರು?" ಎಂದಳು ಸತ್ತೆವ್ವ.

ಪರಸಪ್ಪ ದನಿ ತಗ್ಗಿಸಿದ. "ಅಕ್ಕಾರ, ಕಾಗಿ ಮುಟ್ಟಬೇಕಂತ ಹೇಳಿದವರು ನೀವs. ಮಾಲವ್ವನ ಮುಖ ನೋಡ್ರಿ. ಬಿಚ್ಚರಿ."

ಈರಕ್ಕ ಮಾಲವ್ವನನ್ನು ನೋಡಿದಳು, ಕಾಗೆಯನ್ನು ನೋಡಿದಳು. ಆಮೇಲೆ ನೆಲಕ್ಕೆ ಕೂತು ಗಂಟು ಬಿಚ್ಚಿದಳು. ಒಳಗೆ ಖಾರ ಅರೆಯುವ ಕಲ್ಲಿನ ಗುಂಡು. ಒಂದು ಕಡೆ ಹೊಗೆಗೆ ಕಪ್ಪಾಗಿತ್ತು, ಇನ್ನೊಂದು ಕಡೆ ತೋಪಿನ ಹೊಡೆತಕ್ಕೆ ಚಕ್ಕೆ ಹಾರಿತ್ತು.

"ಚೌಕೀದು," ಎಂದಳು. "ಮಂಗಳಾರ ನೆರೆಮನ್ಯಾರ ಲಾರ್‍ಯಾಗ ನಾನೂ ಹೋಗಿದ್ದೆ. ಎಲ್ಲಾರೂ ಬಾಗಲಾ ಕಿಟಕಿ ಅಂತ ಬಡದಾಡಾಕತ್ತಿದ್ರು. ನಾ ಹಿಂದ ಅಡಗಿಮನಿ ಕಡೆ ಹೋದೆ. ಇದು ಬಿದ್ದಿತ್ತು. ನನ್ನ ತವರಮನ್ಯಾಗ ಇಂಥಾದ್ದ ಇತ್ತವಾ. ಬ್ಯಾನಿ ಬಂದು ಎಲ್ಲಾರೂ ಹೋದ್ರು, ಮನಿ ಬಿತ್ತು. ಊರವರು ಕಲ್ಲು ಹೊತಗೊಂಡ ಹೋದ್ರು. ನನಗೊಂದು ಕಲ್ಲು ಸಿಗಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ತಂದ ಮ್ಯಾಲೆ ಹೆದರಿಕಿ ಹತ್ತಿತು. ಮಗನ ಮದಿವಿ ಬಂದೈತಿ, ಇದು ಎಲುಬು. ನಿಮ್ಮ ಗಿಡಕ್ಕ ಗಡಿಗಿ ನೋಡಿದ ಮ್ಯಾಲೆ ತಿಳೀತು. ನಿಮ್ಮ ದಿನದಾಗ ಗುಪ್ತಲೆ ನಂದೂ ಕಳೀತೈತಿ ಅಂದಕೊಂಡೆ."

ಕಾಗೆ ರೆಕ್ಕೆ ಬಿಚ್ಚಿ ಎಲೆಯ ಅಂಚಿಗೆ ಇಳಿಯಿತು. ಮಾಲವ್ವ ತಾಯಿಯ ಕೈ ಹಿಡಿದಳು.

ಆ ಹೊತ್ತಿಗೆ ಸರಿಯಾಗಿ ಮಾಸ್ತರರಿಗೆ ವಿಚಾರ ಹೊಳೆಯಿತು. "ತಡೀರಿ, ತಡೀರಿ! ಈರಕ್ಕನೂ ಎಲುಬು ಆರಿಸ್ಯಾಳಂದ್ರ ಆಕೀನೂ ಚೌಕಿ ಮಗಳಾದಳು. ಪರಸಪ್ಪ ಮಗ, ಈಕಿ ಮಗಳು. ಒಂದs ಮನೀ ಮಕ್ಕಳಾತು. ಒಂದs ಮನ್ಯಾಗ ಹೆಣ್ಣು ಕೊಟ್ಟು ತರೂದು ಹೆಂಗ?"

ಕಾಗೆ ಕೊಕ್ಕು ಎತ್ತಿ ನಿಂತಿತು. ಇಷ್ಟು ದೂರ ತಂದು ದೇವರು ಇಲ್ಲಿ ಕೈಬಿಟ್ಟನೇ ಎಂದು ಪರಸಪ್ಪ ಅಂದುಕೊಂಡ. ಸಾಲಿನಲ್ಲಿದ್ದ ಗಾಡಿಯವರೂ ಬುತ್ತಿ ಹಿಡಿದುಕೊಂಡೇ ಚಿಂತೆಗೆ ಬಿದ್ದರು.

ನಕ್ಕವಳು ಈರಕ್ಕ. ಅವಳು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ನೆರಳಿನಲ್ಲಿದ್ದ ದುರ್ಗಪ್ಪ ಎದ್ದು ಕೂತ.

"ಮಾಸ್ತರ, ಊರ ಹುಡುಗರಿಗೆಲ್ಲಾ ಶಾಲಿ ಕಲಿಸಿದ್ರಿ, ಸಂಬಂಧ ಕಲೀಲಿಲ್ಲ ನೋಡ್ರಿ! ನಾ ಅಕ್ಕ, ಅವ ತಮ್ಮ. ತಮ್ಮನ ಮಗಳನ್ನ ಅಕ್ಕನ ಮಗಗ ತರೂದಿಲ್ಲೇನು? ಸ್ವಾದರತ್ತಿ ಮನೀಗೆ ಕೊಡೂದಕ್ಕಿಂತ ಚಲೋ ಸಂಬಂಧ ಯಾವ ಊರಾಗೈತಿ? ಕಲಘಟಗಿ ಹೆಣ್ಣು ಇನ್ನ ಬಂಗಾರದ್ದಿದ್ರೂ ಬ್ಯಾಡ. ಸ್ವಾದರ ಸೊಸಿ ಮನ್ಯಾಗಿರೂವಾಗ ಹೊರಗಿನ ಹೆಣ್ಣು ತಂದ್ರ ನನ್ನ ತವರವರು ಏನಂದಾರು?"

ಕಾಗೆ ಬಗ್ಗಿ ಮೊದಲು ಹೋಳಿಗೆಯನ್ನು ಕುಕ್ಕಿತು. ಪಾವ್ ಮೊದಲು ಎಂದು ಮನ್ಸೂರ ಇಂದಿಗೂ ವಾದ ಮಾಡುತ್ತಾನೆ. ಫೆನಿಗೆ ಕೊಕ್ಕು ಅದ್ದಿದ್ದನ್ನು ಮಾತ್ರ ಎಲ್ಲರೂ ಕಂಡರು. ನೋಡನೋಡುತ್ತ ಕಾಗೆಯ ಬಳಗವೆಲ್ಲ ಬಂದಿಳಿಯಿತು.

ಪರಸಪ್ಪ ಗಡಿಗೆ ಹೊತ್ತು ಸೊಂಟದ ತನಕ ನೀರಿಗಿಳಿದು, ಮೂರು ಸಲ ಶಿವನ ಹೆಸರು ಹೇಳಿ ಬಿಟ್ಟ. ಅದು ಒಮ್ಮೆ ತಿರುಗಿ, ಬಾಯಿ ತುಂಬ ನೀರು ಕುಡಿದು ಮುಳುಗಿತು. ಮಾಸ್ತರರು ಕಣ್ಣೊರೆಸಿಕೊಂಡರು. "ಇತಿಹಾಸ ಹೊಳಿ ಪಾಲಾತು."

"ಕಾಳಿ ಕಾರವಾರಕ್ಕ ಹೋಗತಾಳ್ರಿ ಮಾಸ್ತರ," ಎಂದು ಮನ್ಸೂರ ಸಮಾಧಾನ ಮಾಡಿದ. "ಅಲ್ಲಿಂದ ಗೋವಾ ಬಾಜೂಕs ಐತಿ. ಮನೀಗೆ ಹೋತು ಅನ್ರಿ."

ಗುಂಡುಕಲ್ಲನ್ನು ಈರಕ್ಕ ಹೊಳೆಗೆ ಬಿಡಲಿಲ್ಲ. ಮೂರು ಸಲ ನೀರಲ್ಲಿ ಅದ್ದಿ ತೆಗೆದು, "ತವರಿಂದು, ಇರಲಿ," ಎಂದು ಮಡಿಲಲ್ಲಿ ಇಟ್ಟುಕೊಂಡಳು. ಸಂಗ್ರಹಾಲಯಕ್ಕೆ ಅದನ್ನಾದರೂ ಕೇಳಲು ಬಾಯಿ ತೆರೆದ ಮಾಸ್ತರರು ಅವಳ ಮುಖ ನೋಡಿ ಬಾಯಿ ಮುಚ್ಚಿದರು. ಎಲ್ಲರೂ ಮಿಂದ ಮೇಲೆ ಸತ್ತೆವ್ವ ಮಗಳನ್ನು ಮನೆಗೆ ಓಡಿಸಿ ಅಕ್ಕಿ, ಕೊಬ್ಬರಿ, ಬಳೆ, ಒಂದು ಕುಬಸದ ಖಣ ತರಿಸಿದಳು. ಹೊಳೆಯ ದಂಡೆಯಲ್ಲೇ ಈರಕ್ಕನನ್ನು ಪೂರ್ವಕ್ಕೆ ಮುಖಮಾಡಿ ಕೂಡಿಸಿ, ಅರಿಷಿಣ ಕುಂಕುಮ ಹಚ್ಚಿ, ತವರಿಗೆ ಬಂದ ಹೆಣ್ಣುಮಗಳಿಗೆ ತುಂಬುವ ಹಾಗೆ ಉಡಿ ತುಂಬಿದಳು. ಎಷ್ಟೋ ವರ್ಷಗಳಿಂದ ಯಾರೂ ತುಂಬದಿದ್ದ ಉಡಿ. ಈರಕ್ಕ ಎರಡೂ ಕೈಯಲ್ಲಿ ಸೆರಗು ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. "ನಾಳೆ ಅರಿಷಿಣ ಕುಟ್ಟೂಣು ತಮ್ಮಾ," ಎಂದಳು ಪರಸಪ್ಪನಿಗೆ, ಅಳುತ್ತಲೇ.

ಆಗ ದುರ್ಗಪ್ಪ ನೆರಳಿನಿಂದ ಎದ್ದು ಬಂದ. ಮುಂಜಾನೆಯಿಂದ ಅವನು ಒಂದು ಮಾತೂ ಆಡಿರಲಿಲ್ಲ. ಬಹಳ ವಿಚಾರ ಮಾಡಿದವನ ಹಾಗೆ ಮೀಸೆ ತಿದ್ದಿಕೊಂಡು ಕೇಳಿದ:

"ಹಂಗಾರ ನಾ ಚೌಕಿ ಅಳಿಯ ಆದೆನಲ್ಲ?"

ಸತ್ತೆವ್ವ ಲಗುಬಗೆಯಿಂದ ಕಂಬಳಿ ಹಾಸಿದಳು. ಪರಸಪ್ಪ ಹೊಳೆಯ ನೀರು ತಂದು ಅವನ ಕಾಲು ತೊಳೆದ. ದುರ್ಗಪ್ಪ ಹೊಸ ಅಳಿಯನ ಗತ್ತಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ತುಪ್ಪ ಸಾಲದೆಂದು ಮುನಿಸಿಕೊಂಡು, ಮಾಲವ್ವನೇ ಬಡಿಸಿದರೆ ಉಣ್ಣುತ್ತೇನೆಂದು ಹಟ ಹಿಡಿದ. ಮಾಲವ್ವ ನಗುತ್ತ ಬಡಿಸಿದಳು. ಅಳಿಯನ ಊಟ ಮುಗಿಯುವ ತನಕ ಗಾಡಿಯವರು ಬಿದಿರಿನಾಚೆ ಬುತ್ತಿ ಬಿಚ್ಚಿಕೊಂಡು, ಬೀಗರ ಮನೆಯ ಮಂದಿಯ ಹಾಗೆ, ಯಾವ ಅವಸರವೂ ಇಲ್ಲದೆ ನಿಂತಿದ್ದರು.